ಹಿತ್ತಲಿಲ್ಲದ ಮನೆಗೆ ಬೆಕ್ಕು ಬಂದಾಗ

ಹೆಂಚಿನ ಮನೆಗಳ ಕಾಲದಲ್ಲಿ ಬೆಕ್ಕನ್ನು ಯಾರೂ ಸಾಕುತ್ತಿರಲಿಲ್ಲ. ಅದು ಮನೆಯಲ್ಲಿ ಇರುತ್ತಿತ್ತು, ಅಷ್ಟೆ. ಮಿಕ್ಕ ಅನ್ನಕ್ಕೆ ಒಂದಿಷ್ಟು ಹಾಲು ಕಲಸಿ ತೆಂಗಿನ ಚಿಪ್ಪಿಗೆ ಹಾಕಿದರೆ ಮನೆಯವರ ಕೆಲಸ ಮುಗಿಯಿತು. ಉಳಿದದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ಹೊಟ್ಟೆಗೆ ಕಣಜದ ಇಲಿ, ಮಲಮೂತ್ರಕ್ಕೆ ಹಿತ್ತಲಿನ ಸಡಿಲ ಮಣ್ಣು, ಅಡಗಲು ಅಟ್ಟ, ಉಗುರು ಮಸೆಯಲು ಮರ.

ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದ ಬೆಕ್ಕಿಗೆ ಇದ್ಯಾವುದೂ ಇಲ್ಲ. ಸೋಫಾ ಹರಿದುಹಾಕಿತು, ಹಾಸಿಗೆ ಮೇಲೆ ಉಚ್ಚೆ ಹೊಯ್ದಿತು, ರಾತ್ರಿಯಿಡೀ ಕೂಗುತ್ತದೆ, ಹಾಲನ್ನ ತಿಂದು ಭೇದಿ ಶುರುವಾಯಿತು ಎಂದು ಹೊಸದಾಗಿ ಬೆಕ್ಕು ತಂದವರು ದೂರುವುದುಂಟು. ಬಹಳಷ್ಟು ಸಲ ಇದಕ್ಕೆ ಕಾರಣ ಬೆಕ್ಕಿನ ಹಠವಲ್ಲ, ಮೇಲಿನ ನಾಲ್ಕರಲ್ಲಿ ಯಾವುದೋ ಒಂದಕ್ಕೆ ಮನೆಯೊಳಗೆ ಬದಲಿ ಸಿಗದೆ ಹೋದದ್ದು. ತಯಾರಿ ಎಂದರೆ ಬಣ್ಣದ ಬುಟ್ಟಿ, ಗೆಜ್ಜೆ ಕಟ್ಟಿದ ಕೊರಳಪಟ್ಟಿ ತರುವುದಲ್ಲ. ಮಣ್ಣು, ಅಟ್ಟ, ಇಲಿ, ಮರ ಈ ನಾಲ್ಕಕ್ಕೂ ಬದಲಿ ಒದಗಿಸುವುದು.

ಮರಿಯ ವಯಸ್ಸಿನ ಬಗ್ಗೆ ಮೊದಲೇ ಒಂದು ಮಾತು. 8 ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಬೇಡಿ, 12 ವಾರವಾದರೆ ಇನ್ನೂ ಒಳ್ಳೆಯದು. ಎಷ್ಟು ಜೋರಾಗಿ ಕಚ್ಚಬಹುದು, ಎಲ್ಲಿಗೆ ಆಟ ನಿಲ್ಲಿಸಬೇಕು ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಕಾದಾಡುತ್ತ. ಬೇಗ ಬೇರ್ಪಟ್ಟ ಮರಿ ಅದೇ ಪಾಠವನ್ನು ನಿಮ್ಮ ಕೈ ಮೇಲೆ ಕಲಿಯುತ್ತದೆ. ಇನ್ನು 2ರಿಂದ 7 ವಾರದೊಳಗೆ ಮನುಷ್ಯರ ಕೈ ಸೋಕಿದ ಮರಿ ಜನರಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಆ ಅವಧಿಯನ್ನು ಪೂರ್ತಿ ಚರಂಡಿಯ ಸಂದಿಯಲ್ಲಿ ಕಳೆದ ಮರಿಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಹಗಲೆಲ್ಲ ಮನೆಯಲ್ಲಿ ಯಾರೂ ಇರದವರಿಗೆ, ಸ್ವಭಾವ ಆಗಲೇ ಗೊತ್ತಾಗಿರುವ ಎರಡು-ಮೂರು ವರ್ಷದ ಬೆಕ್ಕೇ ಒಳ್ಳೆಯ ಆಯ್ಕೆ.

ಬರುವ ಮುಂಚೆ: ಬಾಲ್ಕನಿ, ಬಕೆಟ್ಟು, ಹೂವಿನ ದಾರ

ಎಲ್ಲಿಂದ ಬಿದ್ದರೂ ಬೆಕ್ಕು ಕಾಲ ಮೇಲೇ ಬೀಳುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅವುಗಳಲ್ಲಿ ಸುಮಾರು ನೂರಕ್ಕೆ 90 ಬದುಕಿದವು. ಆದರೆ ಬಿದ್ದ ಜಾಗದಲ್ಲೇ ಸತ್ತವು ಆಸ್ಪತ್ರೆಗೆ ಬರಲೇ ಇಲ್ಲ, ಲೆಕ್ಕಕ್ಕೂ ಸಿಗಲಿಲ್ಲ. ಬದುಕಿದವುಗಳಲ್ಲೂ ಎದೆಗೆ ಪೆಟ್ಟು, ದವಡೆ ಮತ್ತು ಕಾಲು ಮುರಿತ ಸಾಮಾನ್ಯವಾಗಿತ್ತು. ಬೆಕ್ಕು ಬೀಳುವುದು ಕಾಲು ಜಾರಿಯೇ ಆಗಬೇಕಿಲ್ಲ, ಪಾರಿವಾಳದ ಮೇಲೆ ಕಣ್ಣಿಟ್ಟು ನೆಗೆದೂ ಬೀಳುತ್ತದೆ.

ಕಿಟಕಿಯ ಕಂಬಿಗಳ ನಡುವೆ 10 ಸೆಂಟಿಮೀಟರ್ ಅಂತರವಿದ್ದರೆ ಮರಿ ಆರಾಮಾಗಿ ಹೊರಗೆ ಹೋಗುತ್ತದೆ. ಬೆಕ್ಕಿನ ಕೊರಳೆಲುಬು (ಕಾಲರ್ ಬೋನ್) ಬೇರೆ ಎಲುಬಿಗೆ ಅಂಟಿಕೊಂಡಿಲ್ಲ, ಆದ್ದರಿಂದ ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಪಾರಿವಾಳಕ್ಕೆಂದು ಕಟ್ಟಿಸುವ ನೈಲಾನ್ ಬಲೆ ಕೆಲವು ಬೆಕ್ಕುಗಳ ಹಲ್ಲಿಗೆ ಏನೂ ಅಲ್ಲ. ಉಕ್ಕಿನ ತಂತಿಗಳ ಇನ್ವಿಸಿಬಲ್ ಗ್ರಿಲ್ ನೋಡಲು ಚೆಂದ, ಆದರೆ 2-3 ಇಂಚಿನ ಅಂತರದಲ್ಲಿ ಅಡ್ಡಕಟ್ಟಿಲ್ಲದ ತಂತಿಗಳನ್ನು ಮರಿ ತಲೆಯಿಂದ ಸರಿಸಿಕೊಂಡು ನುಸುಳುತ್ತದೆ. ಅಂಟುಪಟ್ಟಿಯಿಂದ ಕೂರಿಸಿದ ಸೊಳ್ಳೆ ಪರದೆಯಂತೂ ಒಮ್ಮೆ ಒರಗಿದರೆ ಕಿತ್ತುಬರುತ್ತದೆ. ನಂಬಬಹುದಾದದ್ದು ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದ, ಒಂದಿಂಚಿನ ಕಣ್ಣಿನ ವೆಲ್ಡೆಡ್ ಮೆಶ್. ಬೆಕ್ಕು ಬರುವ ಮೊದಲೇ ಇದು ಆಗಿರಲಿ.

ಮರಿಗಳಿಗೆ ಎರಡನೇ ಅಪಾಯ ನೀರು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಬಚ್ಚಲಲ್ಲಿ ಬಕೆಟ್, ಡ್ರಮ್ಮು ತುಂಬಿಟ್ಟಿರುತ್ತೇವೆ. ಅರ್ಧ ತುಂಬಿದ ನುಣುಪು ಬಕೆಟ್ಟಿನೊಳಗೆ ಬಿದ್ದ ಮರಿಗೆ ಉಗುರು ಊರಲು ಎಲ್ಲೂ ಹಿಡಿತ ಸಿಗುವುದಿಲ್ಲ. ಮುಚ್ಚಳ ಹಾಕಿ, ಇಲ್ಲವೇ ಬಚ್ಚಲ ಬಾಗಿಲು ಎಳೆದಿಡಿ. ಸಂಪಿನ ಮುಚ್ಚಳವನ್ನೂ ಒಮ್ಮೆ ನೋಡಿ. ವಾಷಿಂಗ್ ಮೆಷಿನ್ ಹಾಕುವ ಮುನ್ನ ಡ್ರಮ್ಮಿನೊಳಗೆ ಕೈಯಾಡಿಸುವುದು ಮನೆಮಂದಿಗೆಲ್ಲ ರೂಢಿಯಾಗಬೇಕು, ಮೆತ್ತಗೆ ಬೆಚ್ಚಗಿರುವ ಬಟ್ಟೆಗಳ ನಡುವೆ ಮರಿ ನಿದ್ದೆ ಹೋಗಿರುತ್ತದೆ.

ಇನ್ನು ದಾರ. ಹೂ ಕಟ್ಟುವ ದಾರ, ಹೊಲಿಗೆ ಮೆಷಿನ್ನಿನ ಬಳಿ ಬಿದ್ದ ಸೂಜಿದಾರ, ಜಡೆಯ ರಬ್ಬರ್ ಬ್ಯಾಂಡ್, ಗಾಳಿಪಟದ ಮಾಂಜಾ. ಬೆಕ್ಕಿನ ನಾಲಿಗೆಯ ಮುಳ್ಳುಗಳೆಲ್ಲ ಗಂಟಲ ಕಡೆಗೇ ಬಾಗಿವೆ. ಬಾಯಿಗೆ ಹೋದ ದಾರವನ್ನು ಉಗುಳಬೇಕೆಂದರೂ ಆಗದೆ ಅದು ನುಂಗುತ್ತ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಯಲ್ಲೋ ಸಿಕ್ಕಿಕೊಂಡು ಇನ್ನೊಂದು ಕರುಳಿಗಿಳಿದರೆ, ಕರುಳು ಲಂಗದ ನೆರಿಗೆಯಂತೆ ಮಡಚಿಕೊಳ್ಳುತ್ತದೆ, ಬಿಗಿದ ದಾರ ಅದನ್ನು ಗರಗಸದಂತೆ ಕೊಯ್ಯುತ್ತದೆ. ಬಾಯಲ್ಲಿ ಅಥವಾ ಗುದದಲ್ಲಿ ದಾರದ ತುದಿ ಕಂಡರೆ ಎಳೆಯಬೇಡಿ. ಕತ್ತರಿಸಲೂ ಹೋಗದೆ ನೇರ ಡಾಕ್ಟರ ಬಳಿ ಒಯ್ಯಿರಿ.

ಮನೆಯ ವಿಷಗಳ ಪಟ್ಟಿ ಉದ್ದವಾಗಿದ್ದರೂ ಹಲವಕ್ಕೆ ಮೂಲ ಕಾರಣ ಒಂದೇ. ಮನುಷ್ಯರ ಮತ್ತು ನಾಯಿಯ ಯಕೃತ್ತು ಫಿನಾಲ್ ಜಾತಿಯ ರಾಸಾಯನಿಕಗಳನ್ನು ಒಂದು ಬಗೆಯ ಸಕ್ಕರೆ ಆಮ್ಲಕ್ಕೆ ಜೋಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಜೋಡಣೆ ಮಾಡುವ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ನಾವು ಜ್ವರಕ್ಕೆ ನುಂಗುವ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು ಎಂಬುದಕ್ಕೆ ಕಾರಣ ಇದೇ. ನೆಲ ಒರೆಸುವ ಫಿನೈಲ್, ಡೆಟಾಲ್‌ನಂಥ ಸೋಂಕುನಾಶಕ, ಟೀ ಟ್ರೀ ಎಣ್ಣೆ ಕೂಡ ಇದೇ ಸಾಲಿನವು. ಬೆಕ್ಕು ಫಿನೈಲ್ ಕುಡಿಯುವುದಿಲ್ಲವಲ್ಲ ಎನ್ನಬೇಡಿ. ಒದ್ದೆ ನೆಲದ ಮೇಲೆ ನಡೆದು ಬಂದು ಪಂಜ ನೆಕ್ಕಿಕೊಳ್ಳುತ್ತದೆ. ನೆಲಕ್ಕೆ ಸೋಪಿನ ನೀರು ಸಾಕು, ಒಣಗುವವರೆಗೆ ಬೆಕ್ಕು ಬೇರೆ ಕೋಣೆಯಲ್ಲಿರಲಿ. ಬಟ್ಟೆ ಬೀರುವಿನ ನುಸಿಗುಳಿಗೆ ತೆಗೆದುಬಿಡಿ. ನಾಯಿಯ ಉಣ್ಣೆಗೆಂದು ಮಾರುವ ಪರ್ಮೆಥ್ರಿನ್ ಇರುವ ಹನಿ, ಪುಡಿ, ಶಾಂಪೂಗಳನ್ನು ಬೆಕ್ಕಿಗೆ ಹಾಕಿದರೆ ಸೆಳವು ಬರುತ್ತದೆ. 'ಸ್ವಲ್ಪವೇ ಹಾಕಿದೆ' ಎಂಬ ಸಮಾಧಾನ ಇಲ್ಲಿ ನಡೆಯದು.

ಗಿಡಗಳಲ್ಲಿ ಎಲ್ಲಕ್ಕಿಂತ ಭಯಂಕರ ಲಿಲಿ. ಮದುವೆ, ಹುಟ್ಟುಹಬ್ಬಕ್ಕೆ ಬರುವ ಹೂಗುಚ್ಛಗಳಲ್ಲಿ ದೊಡ್ಡ ದಳದ ಪರಿಮಳದ ಲಿಲಿ ಇದ್ದರೆ ಅದನ್ನು ಬಾಗಿಲಲ್ಲೇ ಬೇರೆ ಮಾಡಿ. ಎಲೆ, ದಳ, ಹೂದಾನಿಯ ನೀರು, ಮೈಗೆ ಅಂಟಿದ ಪರಾಗ ಯಾವುದನ್ನು ನೆಕ್ಕಿದರೂ ಎರಡು-ಮೂರು ದಿನದಲ್ಲಿ ಮೂತ್ರಪಿಂಡ ಕೈಕೊಡುತ್ತದೆ. ಸೈಕಸ್, ಕಣಗಿಲೆ, ಗೌರಿಹೂವಿನ ಬಳ್ಳಿ ಕೂಡ ವಿಷ. ಮನಿ ಪ್ಲಾಂಟ್ ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ, ಪ್ರಾಣಕ್ಕೆ ಅಪಾಯವಾಗುವುದು ಅಪರೂಪ. ಹಸಿರು ಮೆಲ್ಲುವ ಚಪಲಕ್ಕೆ ಒಂದು ಕುಂಡದಲ್ಲಿ ಹಿಡಿ ಗೋಧಿ ಚೆಲ್ಲಿ. ಹತ್ತು ದಿನದೊಳಗೆ ಹುಲ್ಲು ಸಿದ್ಧ.

ಮಣ್ಣಿಗೆ ಬದಲು

ಸಾಕು ಬೆಕ್ಕಿನ ಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನೆಲದ ಕಾಡುಬೆಕ್ಕು. ಸಡಿಲವಾದ ನುಣ್ಣನೆಯ ಮರಳು ಸಿಕ್ಕಿದರೆ ಕೆದಕಿ, ಕೂತು, ಮುಚ್ಚುವ ಬುದ್ಧಿ ಅಲ್ಲಿಂದಲೇ ಬಂದದ್ದು. ಇದನ್ನು ಬೆಕ್ಕಿಗೆ ಕಲಿಸಬೇಕಾಗಿಲ್ಲ. ನಾವು ಮಾಡಬೇಕಾದದ್ದು ಆ ಬುದ್ಧಿಗೆ ಅಡ್ಡ ಬರದಿರುವುದು ಮಾತ್ರ, ಅದರಲ್ಲೇ ಸೋಲುತ್ತೇವೆ.

ಮೊದಲ ತಪ್ಪು, ಬೆಕ್ಕಿನ ಮಲಮೂತ್ರಕ್ಕೆಂದು ಇಡುವ ಪೆಟ್ಟಿಗೆಯ ಅಳತೆ. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ಬೇಕು. ದೊಡ್ಡ ಬೆಕ್ಕಿಗೆ ಅದು 65-70 ಸೆಂಟಿಮೀಟರ್ ಆಗುತ್ತದೆ. ಲಿಟರ್ ಬಾಕ್ಸ್ ಎಂದು ಮಾರುವ ಎಷ್ಟೋ ಟ್ರೇಗಳು ಇದಕ್ಕಿಂತ ಚಿಕ್ಕವು. ಪಾತ್ರೆ ಅಂಗಡಿಯಲ್ಲಿ ಸಿಗುವ ದೊಡ್ಡ ಪ್ಲಾಸ್ಟಿಕ್ ಟಬ್ಬು ಅಥವಾ ಬಟ್ಟೆ ತುಂಬಿಡುವ ಡಬ್ಬಿಯ ಒಂದು ಬದಿಯನ್ನು ನೆಲದಿಂದ 8-10 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಅಂಚಿಗೆ ಟೇಪು ಸುತ್ತಿದರೆ ಅದಕ್ಕಿಂತ ಒಳ್ಳೆಯದು. ಮರಿಗಾದರೆ ಬಾಗಿಲು 5 ಸೆಂಟಿಮೀಟರ್ ಇರಲಿ. ಮುಚ್ಚಳದ ಪೆಟ್ಟಿಗೆ ನಮ್ಮ ಮೂಗಿಗೆ ಹಿತ, ಬೆಕ್ಕಿನ ಮೂಗಿಗಲ್ಲ. ನಾತವೆಲ್ಲ ಒಳಗೇ ನಿಲ್ಲುತ್ತದೆ.

ಒಳಗೆ ಏನು ತುಂಬುವುದು? (ಲಿಟರ್ ಎನ್ನುವುದು ಇದನ್ನೇ.) ಮೂತ್ರ ತಾಗಿದ ಕಡೆ ಉಂಡೆಗಟ್ಟುವ ಬೆಂಟೊನೈಟ್ ಜೇಡಿಯನ್ನು ಹೆಚ್ಚಿನ ಬೆಕ್ಕುಗಳು ಇಷ್ಟಪಡುತ್ತವೆ, ಸ್ವಚ್ಛ ಮಾಡಲೂ ಸುಲಭ. ಆದರೆ 4 ತಿಂಗಳೊಳಗಿನ ಮರಿ ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಉಬ್ಬುವ ಜೇಡಿ ಹೊಟ್ಟೆ ಸೇರುವುದು ಬೇಡ. ಅಲ್ಲಿಯವರೆಗೆ ಮರದ ಪುಡಿಯ ಪೆಲೆಟ್ ಅಥವಾ ಚೂರು ಮಾಡಿದ ಪೇಪರ್ ಸಾಕು. ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಹೊಳೆ ಮರಳೂ ನಡೆಯುತ್ತದೆ. ಆದರೆ ಮೂತ್ರ ತಳಕ್ಕೆ ಇಳಿಯುವುದರಿಂದ ಎರಡು-ಮೂರು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಎಂ-ಸ್ಯಾಂಡ್ ಬೇಡ, ಮೊನಚು ಕಣ, ವಿಪರೀತ ಧೂಳು. ಬೂದಿಯೂ ಬೇಡ, ಅದು ಪಂಜಕ್ಕೆ ಮೆತ್ತಿ ಬಾಯಿಗೆ ಹೋಗುತ್ತದೆ. ತೆಂಗಿನ ನಾರಿನ ಪುಡಿ ಅಗ್ಗ, ಹಗುರ. ಒಂದೇ ತೊಂದರೆ ಎಂದರೆ ಅದಕ್ಕೆ ಒಗ್ಗಿದ ಬೆಕ್ಕಿಗೆ ನಿಮ್ಮ ತುಳಸಿ ಕುಂಡವೂ ಶೌಚಾಲಯದಂತೆಯೇ ಕಾಣುತ್ತದೆ. ಯಾವುದೇ ಆಗಲಿ 5-7 ಸೆಂಟಿಮೀಟರ್ ದಪ್ಪ ಹರಡಿ, ಪರಿಮಳ ಸೇರಿಸಿದ್ದನ್ನು ತರಬೇಡಿ.

ಪೆಟ್ಟಿಗೆಗಳ ಲೆಕ್ಕ ಬೆಕ್ಕಿನ ಸಂಖ್ಯೆಗಿಂತ ಒಂದು ಹೆಚ್ಚು. ಒಂದು ಬೆಕ್ಕಿಗೆ ಎರಡು. ಊಟದ ತಟ್ಟೆಯ ಪಕ್ಕದಲ್ಲಿ, ದಡಬಡ ಸದ್ದು ಮಾಡುವ ವಾಷಿಂಗ್ ಮೆಷಿನ್ ಬಳಿ, ಯಾರಾದರೂ ಚಿಲಕ ಹಾಕಿಬಿಡುವ ಬಚ್ಚಲಲ್ಲಿ ಇಡಬೇಡಿ. ದಿನಕ್ಕೆ ಎರಡು ಸಲ ಬಾಚಿ ತೆಗೆಯಿರಿ. ಉಂಡೆಗಟ್ಟುವ ಲಿಟರ್ ಆದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಪೂರ್ತಿ ಸುರಿದು ಬಿಸಿನೀರು, ಸೋಪಿನಲ್ಲಿ ತೊಳೆದು ಒಣಗಿಸಿ. ಕಮೋಡಿಗೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ, ಪೇಪರಿನಲ್ಲಿ ಸುತ್ತಿ ಕಸಕ್ಕೆ ಕೊಡಿ.

ಇಷ್ಟಾದರೂ ಹೊರಗೆ ಹೊಯ್ದರೆ ಬೈದು, ಮೂತಿ ಉಜ್ಜಿ ಪ್ರಯೋಜನವಿಲ್ಲ. ಹಾಗೆ ಮಾಡಿದರೆ ಬೆಕ್ಕು ನಿಮ್ಮ ಕಣ್ಣಿಗೆ ಬೀಳದ ಜಾಗ ಹುಡುಕುವುದನ್ನು ಕಲಿಯುತ್ತದೆ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಉರಿಮೂತ್ರವಿದ್ದ ಬೆಕ್ಕು ನೋವಿಗೆ ಆ ಪೆಟ್ಟಿಗೆಯೇ ಕಾರಣ ಎಂದುಕೊಂಡು ಅದರಿಂದ ದೂರವಾಗುತ್ತದೆ. ಆರೋಗ್ಯ ಸರಿಯಿದ್ದರೆ ಅಳತೆ, ಜಾಗ, ಲಿಟರ್, ಸ್ವಚ್ಛತೆ ನೋಡಿ, ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹೊಯ್ದ ಜಾಗಕ್ಕೆ ಕಿಣ್ವವಿರುವ ಕ್ಲೀನರ್ ಬೇಕು. ಸಾಮಾನ್ಯ ಸೋಪು ನಮಗೆ ಮಾತ್ರ ವಾಸನೆ ಹೋದಂತೆ ಮಾಡುತ್ತದೆ.

ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಬೆಕ್ಕು ಇರಬಾರದು ಎಂದು ಹಲವರು ಹೇಳುತ್ತಾರೆ. ಹೆದರಿಕೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯದು. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಅದರ ಮೊಟ್ಟೆಗಳನ್ನು ಹೊರಹಾಕುತ್ತದೆ. ಆ ಮೊಟ್ಟೆ ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನವೂ ಬೇರೆಯವರು ಪೆಟ್ಟಿಗೆ ಸ್ವಚ್ಛ ಮಾಡಿದರೆ, ಬೆಕ್ಕಿಗೆ ಹಸಿ ಮಾಂಸ ಹಾಕದಿದ್ದರೆ, ಬೆಕ್ಕನ್ನು ಮನೆಯಿಂದ ಓಡಿಸುವ ಅಗತ್ಯವಿಲ್ಲ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಕೈತೋಟದ ಮಣ್ಣು ಇವುಗಳ ಬಗ್ಗೆಯೂ ಅಷ್ಟೇ ಎಚ್ಚರ ಬೇಕು.

ಅಟ್ಟಕ್ಕೆ ಬದಲು

ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ತರುವುದು ಹಳೆಯ ರೂಢಿ, ದಾರಿ ಗೊತ್ತಾಗಬಾರದು ಎಂದು. ಗೊತ್ತಾಗದಿರುವುದೇನೋ ನಿಜ, ಆದರೆ ಗಾಳಿಯಿಲ್ಲದೆ, ಸೆಕೆಗೆ, ಹೆದರಿಕೆಗೆ ಅರೆಜೀವವಾಗಿರುತ್ತದೆ. ಮಡಿಲಲ್ಲಿಟ್ಟುಕೊಂಡು ಆಟೊದಲ್ಲಿ ಬರುವುದೂ ಬೇಡ, ಒಂದು ಹಾರ್ನಿಗೆ ಜಿಗಿದು ಹೋದರೆ ಸಿಗುವುದು ಕಷ್ಟ. ಮೇಲಿನಿಂದಲೂ ತೆರೆಯುವ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ತನ್ನಿ. ಒಳಗೆ ಹಳೆ ಟವೆಲ್, ಸಾಧ್ಯವಾದರೆ ತಾಯಿ ಮಲಗುತ್ತಿದ್ದ ಬಟ್ಟೆಯ ತುಂಡು. ಮನೆಗೆ ಬಂದ ಮೇಲೆ ಕ್ಯಾರಿಯರನ್ನು ಅಟ್ಟಕ್ಕೆ ಎಸೆಯದೆ, ಬಾಗಿಲು ತೆಗೆದು ಕೋಣೆಯ ಮೂಲೆಯಲ್ಲೇ ಬಿಡಿ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಹೊರಬರುವ ಕ್ಯಾರಿಯರ್ ಕಂಡ ಕೂಡಲೇ ಬೆಕ್ಕು ಮಂಚದಡಿಗೆ ಓಡುತ್ತದೆ.

ಬೆಕ್ಕಿನ ಬಿಡಾರ ಬೇರೆ ಎಂಬ ಗಾದೆ ಮೊದಲ ವಾರಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಇಡೀ ಮನೆ ತೋರಿಸಬೇಡಿ. ಒಂದು ಚಿಕ್ಕ ಕೋಣೆ, ಅದರ ಒಂದು ತುದಿಗೆ ಲಿಟರ್, ಎದುರು ತುದಿಗೆ ಊಟ, ನೀರು, ಮತ್ತು ಅಡಗಲು ಪಕ್ಕಕ್ಕೆ ಮಲಗಿಸಿದ ಒಂದು ರಟ್ಟಿನ ಪೆಟ್ಟಿಗೆ. ಈ ಪೆಟ್ಟಿಗೆಯೇ ಅಟ್ಟ. ನೆದರ್ಲೆಂಡ್ಸಿನ ಒಂದು ಬೆಕ್ಕಿನ ಆಶ್ರಯಧಾಮದಲ್ಲಿ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಮಾತ್ರ ಅಡಗುಪೆಟ್ಟಿಗೆ ಕೊಟ್ಟು ನೋಡಿದರು. ಪೆಟ್ಟಿಗೆ ಸಿಕ್ಕವು ಮಿಕ್ಕವಕ್ಕಿಂತ ಬೇಗ ಸಮಾಧಾನಗೊಂಡವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಡಗಿದ ಬೆಕ್ಕನ್ನು ಎಳೆದು ಹೊರತರುವುದು ಅದು ಕಷ್ಟಪಟ್ಟು ಕಟ್ಟಿಕೊಂಡ ಧೈರ್ಯವನ್ನು ಕೆಡವಿದಂತೆ. ನೀವು ನೆಲದ ಮೇಲೆ ಕೂತು ಓದುತ್ತಲೋ ಸೊಪ್ಪು ಸೋಸುತ್ತಲೋ ಇರಿ, ಅದಾಗಿ ಬಂದು ಮೂಸಲಿ. ದಿಟ್ಟಿಸಿ ನೋಡದೆ, ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ ತೆರೆಯಿರಿ. ಹೀಗೆ ಮಾಡಿದವರ ಬಳಿಗೆ ಬೆಕ್ಕು ಹೆಚ್ಚಾಗಿ ಬರುತ್ತದೆಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ಮೊದಲ ಸ್ಪರ್ಶ ಕೆನ್ನೆಗೆ, ಕಿವಿಯ ಬುಡಕ್ಕೆ. ಹೊಟ್ಟೆ ತೋರಿಸಿ ಮಲಗಿದರೆ ಅದು ನಂಬಿಕೆಯ ಗುರುತು, ಮುಟ್ಟಲು ಕರೆದಿದ್ದಲ್ಲ.

ತಿನ್ನುವುದು, ಲಿಟರ್ ಬಳಸುವುದು, ಬಾಲ ಎತ್ತಿ ಓಡಾಡುವುದು ಈ ಮೂರೂ ಶುರುವಾದ ಮೇಲೆ ಒಂದೊಂದಾಗಿ ಬೇರೆ ಕೋಣೆ ತೆರೆಯಿರಿ. ಕೆಲವಕ್ಕೆ ಮೂರು ದಿನ, ಕೆಲವಕ್ಕೆ ಮೂರು ವಾರ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಮುಖಾಮುಖಿಗೆ ಅವಸರ ಬೇಡ. ಮೊದಲು ಒಂದರ ಹಾಸು ಇನ್ನೊಂದರ ಕೋಣೆಗೆ, ಆಮೇಲೆ ಮುಚ್ಚಿದ ಬಾಗಿಲ ಎರಡು ಬದಿಗೆ ಊಟ, ಕೊನೆಗೆ ಬಾಗಿಲು ಒಂದು ಗೇಣು.

ಇಲಿಗೆ ಬದಲು

ಹಾಲನ್ನದ ಮೇಲೆ ಬೆಕ್ಕು ಹತ್ತು ವರ್ಷ ಬದುಕಿತ್ತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅದು ಹಾಲನ್ನದಿಂದ ಬದುಕಲಿಲ್ಲ, ಅಷ್ಟೆ. ಅದನ್ನು ಉಳಿಸಿದ್ದು ಇಲಿ, ಹಲ್ಲಿ, ಗುಬ್ಬಿ. ಒಂದು ಸುಂಡಿಲಿಯಲ್ಲಿ ಸುಮಾರು 30 ಕಿಲೊಕ್ಯಾಲರಿ ಶಕ್ತಿಯಿರುತ್ತದೆ, ಮುಕ್ಕಾಲು ಪಾಲಿನ ಹತ್ತಿರ ನೀರು, ಉಳಿದದ್ದರಲ್ಲಿ ಪ್ರೋಟೀನು, ಕೊಬ್ಬು, ಮೂಳೆಯ ಸುಣ್ಣ (ಕ್ಯಾಲ್ಸಿಯಂ). ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಬೆಕ್ಕಿನ ದೇಹ ರಚನೆಯಾದದ್ದೇ ಈ ಊಟಕ್ಕೆ. ಟಾರಿನ್ ಎಂಬ ಅಂಶವನ್ನು ಅದು ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಸಿಗಬೇಕು. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ಟಾರಿನ್ ಕಡಿಮೆಯಾದರೆ ಮೊದಲು ಕಣ್ಣಿನ ಒಳಪರದೆ ಸವೆಯುತ್ತದೆ, ಹೃದಯದ ಸ್ನಾಯು ತೆಳ್ಳಗಾಗಿ ಹಿಗ್ಗುತ್ತದೆ. ಈ ಹೃದಯರೋಗದ ಮೂಲ ಟಾರಿನ್ ಕೊರತೆ ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು 1987ರಲ್ಲಿ ಕಂಡುಹಿಡಿದ ಮೇಲೆಯೇ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಅದನ್ನು ಹೆಚ್ಚಿಸಿದ್ದು. ನಾಯಿ ಆಹಾರದಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುತ್ತದೆಂಬ ಖಾತ್ರಿಯಿಲ್ಲ, ಅದನ್ನೇ ದಿನವೂ ಹಾಕಬೇಡಿ.

ಸಸ್ಯಾಹಾರಿ ಮನೆಗಳಲ್ಲಿ ಇದು ನಿಜಕ್ಕೂ ಇಕ್ಕಟ್ಟು. ನೇರವಾಗಿ ಹೇಳುವುದಾದರೆ, ಮುಚ್ಚಿದ ಫ್ಲ್ಯಾಟಿನಲ್ಲಿಟ್ಟು ಮೊಸರನ್ನ ಹಾಕುವುದು ಬೆಕ್ಕನ್ನು ನಿಧಾನವಾಗಿ ಉಪವಾಸ ಕೆಡವಿದಂತೆ. ಮಾಂಸ ಬೇಯಿಸಲು ಮನಸ್ಸೊಪ್ಪದವರು ಒಣ ಆಹಾರದ ಚೀಲಕ್ಕೆ, ಒದ್ದೆ ಆಹಾರದ ಪೌಚಿಗೆ ಪ್ರತ್ಯೇಕ ಚಮಚ, ಡಬ್ಬಿ, ಜಾಗ ಮಾಡಿಕೊಂಡು ನಿಭಾಯಿಸುತ್ತಾರೆ. ಅದೂ ಆಗದೆಂದರೆ ಬೆಕ್ಕು ತರದಿರುವುದೇ ಲೇಸು.

ಹಾಲಿನ ವಿಷಯದಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕೇ ಜಾಣ, ಕಂಡ ಕೂಡಲೇ ಓಡಿಹೋಯಿತು. ತಾಯಿ ಬಿಟ್ಟ ಮೇಲೆ ಬೆಕ್ಕಿನ ಕರುಳಿನಲ್ಲಿ ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಇಳಿಯುತ್ತ ಹೋಗುತ್ತದೆ, ಅರಗದ ಸಕ್ಕರೆ ನೀರೆಳೆದುಕೊಂಡು ಭೇದಿಯಾಗುತ್ತದೆ. ತಾಯಿಯಿಲ್ಲದ ಎಳೆ ಮರಿಗೂ ಹಸುವಿನ ಹಾಲಲ್ಲ, ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಬೇಕು.

ಲೆಕ್ಕ ಹೀಗೆ. 4 ಕಿಲೊ ತೂಗುವ ಮನೆಯ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೊಕ್ಯಾಲರಿ. ಒಣ ಆಹಾರದಲ್ಲಿ 100 ಗ್ರಾಮಿಗೆ 350-400 ಇರುವುದರಿಂದ ಅದು 50-70 ಗ್ರಾಮಿನ ಮಾತು. ಬಟ್ಟಲು ತುಂಬ ಸುರಿದಿಡದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಮರಿಗೆ ಮರಿಗಳ ಆಹಾರವನ್ನೇ ಕೊಡಿ, 4 ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, 6 ತಿಂಗಳವರೆಗೆ ಮೂರು, ಆಮೇಲೆ ಎರಡು. ಮೊದಲ ವಾರ ಅದು ಹಿಂದಿನ ಜಾಗದಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮುಂದುವರಿಸಿ, 7-10 ದಿನಗಳಲ್ಲಿ ಕಾಲು ಕಾಲು ಭಾಗ ಬೆರೆಸುತ್ತ ಬದಲಿಸಿ.

ಮನೆಯಲ್ಲೇ ಬೇಯಿಸುವವರಿಗೆ ಎರಡು ಎಚ್ಚರಿಕೆ. ಬರೀ ಮೆತ್ತನೆಯ ಚಿಕನ್ ತುಂಡುಗಳಲ್ಲಿ ಸುಣ್ಣದ ಅಂಶ ತೀರ ಕಡಿಮೆ. ತಿಂಗಳುಗಟ್ಟಲೆ ಅದನ್ನೇ ತಿಂದ ಮರಿಯ ಎಲುಬು ಮೆತ್ತಗಾಗಿ, ಮಂಚದಿಂದ ಜಿಗಿದರೂ ಮುರಿಯುತ್ತದೆ. ಎರಡನೆಯದು, ಕುದಿಸಿದಾಗ ಟಾರಿನ್ ನೀರಿಗೆ ಇಳಿಯುತ್ತದೆ, ಬೇಯಿಸಿದ ನೀರನ್ನು ಚೆಲ್ಲದೆ ಜೊತೆಗೇ ಕೊಡಿ. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾದರೂ ಬೆಂದರೂ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯ ಊಟವೇ ಪೂರ್ತಿ ಆಧಾರವಾಗುವುದಾದರೆ ಸುಣ್ಣ, ಟಾರಿನ್, ಜೀವಸತ್ವಗಳ ಪ್ರಮಾಣವನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ. ಕರಾವಳಿಯಲ್ಲಿ ದಿನವೂ ಹಸಿ ಬೂತಾಯಿ ಮೀನು ಹಾಕುವುದುಂಟು. ಅದರಲ್ಲಿರುವ ಒಂದು ಕಿಣ್ವ ಬಿ-1 ಜೀವಸತ್ವವನ್ನು ನಾಶ ಮಾಡುತ್ತದೆ, ಬೆಕ್ಕು ತಲೆ ಬಾಗಿಸಿ ತೂರಾಡತೊಡಗುತ್ತದೆ. ಮೀನಿನ ಎಣ್ಣೆಯಂಶವೇ ಹೆಚ್ಚಾದರೆ ಇ ಜೀವಸತ್ವ ಕಡಿಮೆಯಾಗಿ ಮೈಯ ಕೊಬ್ಬು ಗಟ್ಟಿಯಾಗಿ ನೋಯುತ್ತದೆ. ಬೇಯಿಸಿ, ಮುಳ್ಳು ತೆಗೆದು, ವಾರಕ್ಕೆ ಒಂದೆರಡು ಸಲ ಸಾಕು.

ಒಣನಾಡಿನ ಪೂರ್ವಜರಿಂದ ಬಂದ ಇನ್ನೊಂದು ಗುಣ, ಬಾಯಾರಿಕೆ ಕಡಿಮೆ. ಇಲಿಯಲ್ಲೇ ನೀರಿದ್ದಾಗ ಅದು ತೊಂದರೆಯಲ್ಲ. ಒಣ ಆಹಾರದಲ್ಲಿ ನೀರು ನೂರಕ್ಕೆ ಸುಮಾರು 10 ಭಾಗ ಮಾತ್ರ, ಆಗ ಮೂತ್ರ ಗಟ್ಟಿಯಾಗಿ ಹರಳು ಕಟ್ಟುತ್ತದೆ. ದಿನಕ್ಕೆ ಒಂದು ಹೊತ್ತಾದರೂ ಒದ್ದೆ ಆಹಾರದ (ವೆಟ್ ಫುಡ್) ಪೌಚು ಕೊಡಿ, ಅದರ ಮುಕ್ಕಾಲು ಪಾಲು ನೀರೇ. ಮೀಸೆ ತಾಗದ ಅಗಲ ಬಾಯಿಯ ಪಿಂಗಾಣಿ ಬಟ್ಟಲುಗಳಲ್ಲಿ, ಊಟದಿಂದ ದೂರ, ಎರಡು-ಮೂರು ಕಡೆ ನೀರಿಡಿ.

ಮರಕ್ಕೆ ಬದಲು

ಬೆಕ್ಕು ಪರಚುವುದು ಉಗುರಿನ ಹಳೆ ಪೊರೆ ಕಳಚಲು, ಬೆನ್ನು ಸೆಟೆಸಲು, ಪಂಜದ ಗ್ರಂಥಿಗಳ ವಾಸನೆ ಬಿಟ್ಟು 'ಇದು ನನ್ನ ಜಾಗ' ಎಂದು ಬರೆಯಲು. ತಡೆಯಲಾಗದು, ಜಾಗ ತೋರಿಸಬಹುದು. 80-90 ಸೆಂಟಿಮೀಟರ್ ಎತ್ತರದ ದಪ್ಪ ಹಲಗೆಗೆ ಹಳೆ ಗೋಣಿಚೀಲವನ್ನು ಬಿಗಿಯಾಗಿ ಎಳೆದು ಹಿಂಬದಿಗೆ ಮೊಳೆ ಹೊಡೆಯಿರಿ, ಅಥವಾ ಕತ್ತಾಳೆ ನಾರಿನ ಹಗ್ಗ ಸುತ್ತಿ. ಗೋಡೆಗೆ ಸ್ಕ್ರೂ ಹಾಕಿ ನಿಲ್ಲಿಸಿ. ಒಮ್ಮೆ ಅಲ್ಲಾಡಿದರೂ ಬೆಕ್ಕು ಅದನ್ನು ನಂಬುವುದಿಲ್ಲ, ಅಲ್ಲಾಡದ ಸೋಫಾಕ್ಕೆ ಮರಳುತ್ತದೆ. ಕಣ್ಣಿಗೆ ಬೀಳದ ಮೂಲೆಯಲ್ಲಿಟ್ಟರೆ ವ್ಯರ್ಥ, ಈಗ ಪರಚುತ್ತಿರುವ ಸೋಫಾದ ಪಕ್ಕಕ್ಕೇ ಇರಬೇಕು. ಉಗುರಿನ ತುದಿಯ ಬಿಳಿ ಕೊಕ್ಕೆಯನ್ನು ಎರಡು-ಮೂರು ವಾರಕ್ಕೊಮ್ಮೆ ಕತ್ತರಿಸಿ, ಒಳಗಿನ ನಸುಗೆಂಪು ಭಾಗ ಮುಟ್ಟಬೇಡಿ. ಉಗುರನ್ನೇ ತೆಗೆಸುವುದು ಎಂದರೆ ಬೆರಳಿನ ಕೊನೆಯ ಮೂಳೆ ಕತ್ತರಿಸುವುದು, ಹಲವು ದೇಶಗಳಲ್ಲಿ ಅದು ನಿಷಿದ್ಧ.

ಹತ್ತಲು ಕಿಟಕಿಯ ಬಳಿ ಒಂದೆರಡು ಗಟ್ಟಿ ಶೆಲ್ಫ್ ಸಾಕು. ಬೆಕ್ಕಿನ ಚಟುವಟಿಕೆಯ ಹೊತ್ತು ಮುಂಜಾವು ಮತ್ತು ಮುಸ್ಸಂಜೆ. ಬೆಳಗಿನ ನಾಲ್ಕಕ್ಕೆ ಎಬ್ಬಿಸುವ ಬೆಕ್ಕು ಕೆಟ್ಟದ್ದಲ್ಲ, ಹಗಲೆಲ್ಲ ಮಾಡಲು ಕೆಲಸವಿಲ್ಲದ್ದು. ಮಲಗುವ ಮುನ್ನ 10-15 ನಿಮಿಷ ಕೋಲಿಗೆ ಕಟ್ಟಿದ ಗರಿಯನ್ನು ಇಲಿಯಂತೆ ಓಡಿಸಿ, ಕೊನೆಗೆ ಹಿಡಿಯಲು ಬಿಟ್ಟು, ಕೂಡಲೇ ದಿನದ ಕೊನೆಯ ಊಟ ಕೊಡಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ, ಅದರ ಕ್ರಮವೇ ಇದು. ಆಟ ಮುಗಿದ ಮೇಲೆ ಆ ದಾರದ ಕೋಲು ಕಪಾಟಿಗೆ. ಕೈಬೆರಳನ್ನು ಆಟಿಕೆ ಮಾಡಿದರೆ ಮರಿಗೆ ಒಂದು ವರ್ಷವಾದಾಗ ಅದರ ಬೆಲೆ ತಿಳಿಯುತ್ತದೆ.

ಡಾಕ್ಟರ ಬಳಿ

ಬಂದ ಮೂರು-ನಾಲ್ಕು ದಿನದೊಳಗೆ ಒಮ್ಮೆ ತೋರಿಸಿ. ಕಿವಿಯಲ್ಲಿ ಕಾಫಿ ಪುಡಿಯಂಥ ಕಸವಿದ್ದರೆ ಕಿವಿನುಸಿ, ಮೈಮೇಲೆ ಕೂದಲುದುರಿದ ದುಂಡು ಕಲೆ ಗಜಕರ್ಣವಿರಬಹುದು, ಅದು ಮಕ್ಕಳಿಗೂ ಹರಡುತ್ತದೆ. ಬಾಚಿದಾಗ ಉದುರುವ ಕರಿ ಚೂರು ಒದ್ದೆ ಪೇಪರಿನಲ್ಲಿ ಕೆಂಪಾಗಿ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಮರಿಯದೇ ರಕ್ತ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥದ್ದು ಅಂಟಿದ್ದರೆ ಲಾಡಿಹುಳ. ಚಿಗಟ ಹೋಗದೆ ಅದೂ ಹೋಗದು. ದುಂಡುಹುಳು ತಾಯಿಹಾಲಿನಲ್ಲೇ ಬರುವುದರಿಂದ ಎಳೆ ಮರಿಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ತೂಕ ನೋಡಿ ಹುಳದ ಔಷಧಿ ಕೊಡಿಸಬೇಕು.

ಲಸಿಕೆ 8 ವಾರಕ್ಕೆ ಶುರು, 3-4 ವಾರದ ಅಂತರದಲ್ಲಿ 16 ವಾರ ತುಂಬುವವರೆಗೆ. ಇಷ್ಟು ಸಲ ಯಾಕೆಂದರೆ, ತಾಯಿಯಿಂದ ಬಂದ ರಕ್ಷಣೆಯೇ ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ. ಅದು ಯಾವ ವಾರ ಇಳಿಯುತ್ತದೆಂಬುದು ಮರಿಯಿಂದ ಮರಿಗೆ ಬೇರೆ. ಇದು ತಡೆಯುವ ಮೂರು ರೋಗಗಳಲ್ಲಿ ಕ್ರೂರವಾದದ್ದು ಪ್ಯಾನ್‌ಲ್ಯೂಕೋಪೀನಿಯಾ, ನಾಯಿಗಳ ಪಾರ್ವೊದ ಜಾತಿಯದೇ ವೈರಸ್‌ನಿಂದ ಬರುವ ವಾಂತಿಭೇದಿಯ ಮಾರಕ ರೋಗ. ಆ ವೈರಸ್ ನೆಲ, ಹಾಸಿನಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಅದರಿಂದ ಮರಿ ಸತ್ತ ಮನೆಗೆ ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿ ತರಬೇಡಿ. ರೇಬಿಸ್ ಚುಚ್ಚುಮದ್ದು 12 ವಾರ ತುಂಬಿದ ಮೇಲೆ, ಆಮೇಲೆ ಡಾಕ್ಟರು ಹೇಳಿದ ಗಡುವಿಗೆ ತಪ್ಪದೆ.

ಹೆಣ್ಣು ಬೆಕ್ಕು 4-5 ತಿಂಗಳಿಗೇ ಬೆದೆಗೆ ಬರಬಹುದು. ನಮ್ಮ ಕಡೆ ಚಳಿಗಾಲದ ಹಗಲೂ ಉದ್ದವೇ ಆದ್ದರಿಂದ ವರ್ಷವಿಡೀ ಬೆದೆ ಬರುತ್ತಿರುತ್ತದೆ. 63-65 ದಿನಕ್ಕೆ ಮರಿ, ಮರಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬ. ಒಂದು ಸಲವಾದರೂ ಮರಿ ಹಾಕಲಿ ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. 6 ತಿಂಗಳೊಳಗೆ ಸಂತಾನಹರಣ ಮಾಡಿಸಿದರೆ ಕೆಚ್ಚಲಿನ ಕ್ಯಾನ್ಸರಿನ ಸಾಧ್ಯತೆ ನೂರಕ್ಕೆ 90ರಷ್ಟು ಇಳಿಯುತ್ತದೆ. ಗಂಡಿಗೂ ಮಾಡಿಸಿ, ಗೋಡೆ ಮೇಲೆ ನಾರುವ ಮೂತ್ರ ಚಿಮ್ಮಿಸುವುದು, ಕಾದಾಡಿ ಕಿವಿ ಹರಿದುಕೊಂಡು ಬರುವುದು ಬಹಳ ಕಡಿಮೆಯಾಗುತ್ತದೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತಬೇಡಿ. ರೇಬಿಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ.

ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಆದ್ದರಿಂದ ಸಣ್ಣ ಬದಲಾವಣೆಯೇ ಸುಳಿವು. 24 ಗಂಟೆ ಊಟ ಮುಟ್ಟದಿದ್ದರೆ ಕಾಯಬೇಡಿ. ದಪ್ಪ ಬೆಕ್ಕು ಎರಡು-ಮೂರು ದಿನ ಉಪವಾಸವಿದ್ದರೆ ಮೈಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದೇ ಪ್ರಾಣಕ್ಕೆ ಕುತ್ತಾಗುತ್ತದೆ. ಮರಿಯಾದರೆ ಒಂದೆರಡು ಹೊತ್ತು ಬಿಟ್ಟರೂ ಗಮನ ಕೊಡಿ. ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಡುವುದು ಬೆಕ್ಕಿಗೆ ಸಹಜವಲ್ಲ. ಗಂಡು ಬೆಕ್ಕು ಪದೇ ಪದೇ ಲಿಟರ್ ಪೆಟ್ಟಿಗೆಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು ಮುಕ್ಕಿ, ಹನಿ ಮೂತ್ರವೂ ಬಾರದೆ ನರಳಿದರೆ ಅದನ್ನು ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸಲು ಹೋಗಬೇಡಿ. ಗಂಡಿನ ಮೂತ್ರನಾಳ ಬಲು ಕಿರಿದು, ಒಂದು ಚಿಟಿಕೆ ಹರಳು ಸಾಕು ಕಟ್ಟಿಕೊಳ್ಳಲು. ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲಿ ಹೃದಯ ನಿಲ್ಲುತ್ತದೆ. ಬೆಳಗಾಗಲಿ ಎನ್ನುವಂತಿಲ್ಲ. ರಾತ್ರಿಯೂ ತೆರೆದಿರುವ ಪ್ರಾಣಿ ಆಸ್ಪತ್ರೆ ನಿಮ್ಮೂರಿನಲ್ಲಿ ಯಾವುದು, ಇಲ್ಲದಿದ್ದರೆ ಹತ್ತಿರದ ಯಾವ ಊರಿನಲ್ಲಿದೆ ಎಂಬುದನ್ನು ಬೆಕ್ಕು ಬಂದ ದಿನವೇ ಕೇಳಿ ತಿಳಿದು, ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.